ಸಹಾಯ ಬೇಕು: ವಾತಾವರಣ–ಸಾಗರ ಮಾದರಿಗಳ ಜೋಡಣೆಯಲ್ಲಿ ತೀರದ ಕೋಶಗಳ ತೊಡಕು

ಎಲ್ಲರಿಗೂ ನಮಸ್ಕಾರ. ಅರಬ್ಬಿ ಸಮುದ್ರದ ಮುಂಗಾರನ್ನು ಅಧ್ಯಯನ ಮಾಡಲು ಡಬ್ಲ್ಯುಆರ್‌ಎಫ್ ವಾತಾವರಣ ಮಾದರಿಯನ್ನು ನೆಮೋ ಸಾಗರ ಮಾದರಿಗೆ ಓಯಸಿಸ್3-ಎಂಸಿಟಿ (ಎರಡು ಮಾದರಿಗಳ ನಡುವೆ ಮೌಲ್ಯಗಳನ್ನು ಸಾಗಿಸುವ ತಂತ್ರಾಂಶ) ಮೂಲಕ ಜೋಡಿಸಿದ್ದೇನೆ. ಗಾಳಿಯ ಎಳೆತ, ಶಾಖ, ಮಳೆ ಸಾಗರಕ್ಕೆ ಹೋಗುತ್ತವೆ. ಮೇಲ್ಮೈ ಉಷ್ಣಾಂಶ ಹಿಂದಿರುಗುತ್ತದೆ. ನಡುಗಡಲಿನಲ್ಲಿ ಎಲ್ಲವೂ ಸರಿಯಿದೆ. ತೊಡಕಿರುವುದು ಮಂಗಳೂರಿನಿಂದ ಕಾರವಾರದವರೆಗಿನ ತೀರದಲ್ಲಿ.

ಎರಡು ಮಾದರಿಗಳೂ ಪ್ರದೇಶವನ್ನು ಸಣ್ಣ ಕೋಶಗಳ ಜಾಲರಿಯಾಗಿ ವಿಂಗಡಿಸುತ್ತವೆ; ಆದರೆ ಎರಡರ ಜಾಲರಿ ಬೇರೆ, ನೆಲ–ನೀರಿನ ಗಡಿಯೂ ಬೇರೆ. ಡಬ್ಲ್ಯುಆರ್‌ಎಫ್ ಒಂದು ಕೋಶವನ್ನು ಪೂರ್ತಿ ನೆಲ ಅಥವಾ ಪೂರ್ತಿ ನೀರು ಎಂದೇ ಎಣಿಸುತ್ತದೆ. ಹಾಗಾಗಿ ತೀರದಲ್ಲಿ ಅದು ನೆಲವೆಂದ ಕೆಲವು ಕಡೆ ನೆಮೋಗೆ ನೀರಿರುತ್ತದೆ. ಒಂದು ಜಾಲರಿಯ ಮೌಲ್ಯಗಳನ್ನು ಇನ್ನೊಂದಕ್ಕೆ ಮರುಹಂಚುವಾಗ ‘ಫ್ರ್ಯಾಕ್‌ಏರಿಯಾ’ (ಕೋಶದಲ್ಲಿ ಮೌಲ್ಯ ಸಿಕ್ಕ ಭಾಗದ ವಿಸ್ತೀರ್ಣದಿಂದಷ್ಟೇ ಭಾಗಿಸುವ ಆಯ್ಕೆ) ಆಯ್ದರೆ ಮೌಲ್ಯಗಳು ನಂಬುವಂತಿರುತ್ತವೆ, ಆದರೆ ಸ್ಥಳೀಯವಾಗಿ ಶಾಖದ ಲೆಕ್ಕ ಕೂಡುವುದಿಲ್ಲ. ‘ಡೆಸ್ಟ್‌ಏರಿಯಾ’ (ಕೋಶದ ಪೂರ್ತಿ ವಿಸ್ತೀರ್ಣದಿಂದ ಭಾಗಿಸುವ ಆಯ್ಕೆ) ಆಯ್ದರೆ ಲೆಕ್ಕ ಕೂಡುತ್ತದೆ, ತೀರದ ಕೋಶಗಳಲ್ಲಿ ಮಾತ್ರ ಶಾಖ ಅಸಹಜವಾಗಿ ಕುಸಿಯುತ್ತದೆ. ಘಟ್ಟವನ್ನೇರುವ ಗಾಳಿ ಈ ಪಟ್ಟಿಯನ್ನು ದಾಟಿಯೇ ಬರುವುದರಿಂದ ಇದನ್ನು ಹಾಗೆಯೇ ಬಿಡಲು ನನಗೆ ಮನಸ್ಸಿಲ್ಲ.

ಉಷ್ಣಾಂಶಕ್ಕೆ ಒಂದು, ಶಾಖಕ್ಕೆ ಇನ್ನೊಂದು ವಿಧಾನ ಬಳಸಿದವರಿದ್ದೀರಾ? ಅಥವಾ ನೆಮೋ ಜಾಲರಿಯಿಂದಲೇ ಡಬ್ಲ್ಯುಆರ್‌ಎಫ್‌ನ ನೆಲದ ಗಡಿಯನ್ನು ತಿದ್ದುವುದು ಉತ್ತಮವೇ? ಹಾಗೆ ತಿದ್ದಿದಾಗ ಮಣ್ಣು ಮತ್ತು ಸಸ್ಯಗಳ ದತ್ತಾಂಶವನ್ನು ಹೇಗೆ ಹೊಂದಿಸಿದಿರಿ? ಈ ಕೊನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ. ಕೇಳಿದವರಿಗೆ ನನ್ನ ಸಂರಚನಾ ಕಡತವನ್ನು ಕಳುಹಿಸುತ್ತೇನೆ.