ಸಮುದಾಯ ಸೇವೆ ಅಂದರೆ ಪೊರಕೆ ಹಿಡಿಯುವುದಷ್ಟೇನಾ?

ಚಾಕ್‌ಪೀಸು: ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಈ ವರ್ಷ ಮಕ್ಕಳು 20 ಗಂಟೆ ಸಮುದಾಯ ಸೇವೆ ಮಾಡಬೇಕಂತೆ, ಅದು ಪಾಠಕ್ಕೂ ಹೊಂದಬೇಕಂತೆ. ಹೋದ ವರ್ಷ ಪಾರ್ಕಿಗೆ ಹೋಗಿ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಬಂದೆವು, ಮರುವಾರ ನೋಡಿದರೆ ಮತ್ತೆ ಅಷ್ಟೇ ಕಸ. ಸುತ್ತಮುತ್ತಲೇ ಆಗುವಂಥ, ಮಕ್ಕಳು ಏನಾದರೂ ಕಲಿಯುವಂಥ ಕೆಲಸ ಇದ್ದರೆ ಹೇಳಿ.

ಮೊಂಡುಪೆನ್ಸಿಲ್: ಪಾರ್ಕನ್ನೇ ಯಾಕೆ ಬಿಡುತ್ತೀರಿ? ಹೆಕ್ಕಿದ ಕಸವನ್ನು ಬೇರೆ ಬೇರೆ ಮಾಡಿ ತೂಗಿಸಿ, ಯಾವ ಮೂಲೆಯಲ್ಲಿ ಜಾಸ್ತಿ, ಕಸದ ಡಬ್ಬಿ ಎಷ್ಟು ದೂರ ಅಂತ ನಾಲ್ಕು ವಾರ ಬರೆಸಿ. ಆ ಲೆಕ್ಕ ಹಿಡಿದುಕೊಂಡು ಹೋಗಿ ಡಬ್ಬಿಯ ಜಾಗ ಬದಲಿಸಿ ಅಂತ ಮಕ್ಕಳೇ ಕೇಳಲಿ. ಸುಮ್ನೆ ಗುಡಿಸಿದರೆ ಶ್ರಮದಾನ ಆಯಿತು, ಕಲಿಕೆ ಎಲ್ಲಿ ಬಂತು?

ನಾಲ್ಕುಚಕ್ರ: ನಾನು ವೀಲ್‌ಚೇರ್‌ನಲ್ಲಿ ಓಡಾಡುವವನು, ಹಾಗಾಗಿ ಇದು ಸ್ವಲ್ಪ ಸ್ವಾರ್ಥದ ಸಲಹೆ. ಬ್ಯಾಂಕು, ಆಸ್ಪತ್ರೆ, ಗ್ರಂಥಾಲಯದ ರ‍್ಯಾಂಪ್ ಅಳೆಸಿ. ಅನೇಕ ದೇಶಗಳ ನಿಯಮದಲ್ಲಿರುವ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ಕೋನ 5 ಡಿಗ್ರಿಗಿಂತ ಚೂರು ಕಡಿಮೆ. ಒಂದು ಟೇಪು, ಒಂದು ರಸಮಟ್ಟ ಸಾಕು, ನಿಮ್ಮ ತ್ರಿಕೋನಮಿತಿ ಪಾಠ ಅಲ್ಲೇ ಮುಗಿಯಿತು! ನಾನು ಹೋಗುವ ಒಂದು ಕಚೇರಿಯಲ್ಲಿ ರ‍್ಯಾಂಪ್ ಚೆನ್ನಾಗಿದೆ, ಹತ್ತಿ ಹೋದರೆ ಬಾಗಿಲಲ್ಲಿ ಗೇಣುದ್ದ ಹೊಸ್ತಿಲು. ಇಂಥದ್ದು ಟೇಪಿಗೆ ಗೊತ್ತಾಗುವುದಿಲ್ಲ, ವೀಲ್‌ಚೇರ್ ಬಳಸುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಳೆದದ್ದನ್ನು ನೋಟ್‌ಬುಕ್ಕಿನಲ್ಲೇ ಬಿಡಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಇದೆ, ಅದರಲ್ಲಿ ಯಾವ ಕಟ್ಟಡಕ್ಕೆ ವೀಲ್‌ಚೇರ್ ಹೋಗುತ್ತದೆ ಅಂತ ಗುರುತು ಹಾಕಬಹುದು, ನನ್ನಂಥವರಿಗೆ ಮನೆ ಬಿಡುವ ಮೊದಲೇ ಗೊತ್ತಾಗುತ್ತದೆ.

ಸಂಜೆಪಾಳಿ: ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳು ಬರುತ್ತಾರೆ, ಹಾಡು ಹೇಳುತ್ತಾರೆ, ಸೆಲ್ಫಿ, ಬೈ ಬೈ. ನಮ್ಮ ಅಜ್ಜಿಯರಿಗೆ ಬೇಕಿದ್ದದ್ದು ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟು ವಿಡಿಯೋ ಕಾಲ್ ಕಲಿಸುವವರು, ಆದರೆ ಏನು ಬೇಕು ಅಂತ ಯಾರೂ ಕೇಳಲೇ ಇಲ್ಲ. ಸೇವೆ ಏನಿರಬೇಕು ಅನ್ನುವುದು ಅದನ್ನು ಪಡೆಯುವವರ ಕೈಯಲ್ಲಿರಬೇಕು ಅಂತ ಸೇವೆಯ ಮೂಲಕ ಕಲಿಕೆಯ ಬಗ್ಗೆ ಕೆಲಸ ಮಾಡಿದ ಅಮೆರಿಕದ ರಾಬರ್ಟ್ ಸಿಗ್ಮನ್ 1979ರಲ್ಲೇ ಬರೆದಿದ್ದಾರೆ. ಇನ್ನೊಂದು, 20 ಗಂಟೆಯನ್ನು ಎರಡು ಮೂರು ದಿನದಲ್ಲಿ ಸುರಿಯಬೇಡಿ. ವಾರಕ್ಕೆ ಎರಡು ಗಂಟೆ, ಹತ್ತು ವಾರ, ಬರುವುದು ಅದೇ ಮಕ್ಕಳು. ಮೂರನೇ ವಾರದ ತನಕ ನಮ್ಮವರು ಮಾತೇ ಬಿಚ್ಚುವುದಿಲ್ಲ.

ಚಾಕ್‌ಪೀಸು: ರ‍್ಯಾಂಪ್ ಅಳೆಯುವುದೇ ಸರಿ ಅನ್ನಿಸುತ್ತಿದೆ. ಆದರೆ ಅಂಕ ಹೇಗೆ ಕೊಡುವುದು? ಗಂಟೆ ಲೆಕ್ಕ ಹಾಕಿದರೆ ಸುಮ್ನೆ ಕೂತವನಿಗೂ ಪೂರ್ತಿ ಅಂಕ.

ಮೊಂಡುಪೆನ್ಸಿಲ್: ಗಂಟೆಗೆ ಕೊಡಬೇಡಿ, ಡೈರಿಗೆ ಕೊಡಿ. ಏನು ನೋಡಿದೆ, ಯಾಕೆ ಹಾಗಿದೆ, ಮುಂದೇನು ಮಾಡುತ್ತೇನೆ, ಪ್ರತಿ ಸಲ ಅರ್ಧ ಪುಟ. ಸುಮ್ನೆ ಕೂತವನು ಎರಡನೇ ವಾರಕ್ಕೇ ಸಿಕ್ಕಿಬೀಳುತ್ತಾನೆ.