ರಿಲೀವರ್, ಪ್ರಿವೆಂಟರ್ ಇನ್ಹೇಲರ್‌ಗಳಿಗೆ ಕನ್ನಡ ಪದ: ಸಂಜೆಯೊಳಗೆ ಬೇಕು

ಜಯನಗರದ ಕ್ಲಿನಿಕ್ ಒಂದರ ಔಷಧಿ ಕೌಂಟರಿಗೆ ಫಲಕ. ಸೋಂಕಿನ ಭಯಕ್ಕೆ ಜನ ಒಟ್ಟಿಗೇ ನಾಲ್ಕೈದು ಇನ್ಹೇಲರ್ ಕೇಳುತ್ತಿದ್ದಾರೆ. ಕೆಲವರು ಸ್ಟೀರಾಯ್ಡ್ ಅಂತ ಹೆದರಿ ದಿನದ ಪಂಪನ್ನೇ ಬಿಟ್ಟಿದ್ದಾರೆ. ಕರಡಿನಲ್ಲಿ ರಿಲೀವರ್ (ಉಸಿರು ಕಟ್ಟಿದಾಗ ಎಳೆಯುವುದು) ‘ಉಬ್ಬಸ ನಿವಾರಕ’, ಪ್ರಿವೆಂಟರ್ (ಉಬ್ಬಸ ಬರದಂತೆ ದಿನಾ ಎಳೆಯುವುದು) ‘ಉಬ್ಬಸ ನಿರೋಧಕ’ ಎಂದಿದೆ. ನಡೆಯುತ್ತದೆಯೇ?

—

ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿದ್ದೀರಿ. ‘ಶ್ವಾಸೋಪಶಮಕ’ ಎನ್ನಿ.

—

ಉಸಿರನ್ನೇ ಅಡಗಿಸುವುದೇ? ಚೆನ್ನಾಗಿದೆ.

—

ಆಯುರ್ವೇದದಲ್ಲಿ ಶ್ವಾಸ ಎಂದರೆ ರೋಗವೇ. ಅಸ್ತಮಾಕ್ಕೆ ತಮಕಶ್ವಾಸ ಎನ್ನುವುದನ್ನು ಕೇಳಿಲ್ಲವೇ?

—

ಕೌಂಟರಿನ ಮುಂದೆ ನಿಂತವರು ಕೇಳಿಲ್ಲ. ಅರಿಸಮಾಸ ಆಮೇಲಿರಲಿ. ‘ನಿವಾರಣೆ’ ಬಂದದ್ದನ್ನು ಕಳೆಯುವುದೂ ಹೌದು, ಬರದಂತೆ ತಡೆಯುವುದೂ ಹೌದು. ಪಕ್ಕದಲ್ಲೇ ‘ನಿರೋಧಕ’ ಇಟ್ಟರೆ ಅದಲುಬದಲು ಖಂಡಿತ. ‘ದಿನಾ ಎಳೆಯುವ ಪಂಪ್’, ‘ದಮ್ಮು ಕಟ್ಟಿದಾಗ ಎಳೆಯುವ ಪಂಪ್’ ಎಂದು ಬರೆಯಿರಿ. ಬಣ್ಣ ನಂಬಬೇಡಿ, ಎಲ್ಲ ಕಂಪನಿಗೂ ಒಂದೇ ಅಲ್ಲ. ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಎಂಬ ಜೋಡಿ ಔಷಧಿ ಕೆಲವರಿಗೆ ಎರಡಕ್ಕೂ ಒಂದೇ ಪಂಪ್. ಅವರಿಗೆ ‘ಚೀಟಿಯಲ್ಲಿರುವಂತೆ’ ಎಂಬ ಸಾಲು ಬೇಕು.

ಪದಕ್ಕಿಂತ ಮುಖ್ಯ, ‘ದಿನದ ಪಂಪ್ ನೀವಾಗಿಯೇ ನಿಲ್ಲಿಸಬೇಡಿ’ ಎಂಬುದು ದೊಡ್ಡಕ್ಷರದಲ್ಲಿರಲಿ. ಬಿಟ್ಟರೆ ಶ್ವಾಸನಾಳದ ಊತ ಮರಳುತ್ತದೆ, ಆಮೇಲೆ ನೆಗಡಿಯೂ ಆಸ್ಪತ್ರೆಗೆ ಒಯ್ಯಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲವಾದರೆ ನಾಲಿಗೆಗೆ ಬಿಳಿ ಬೂಷ್ಟು ಬಂದೀತು. ದಮ್ಮು ಕಟ್ಟಿದಾಗ ಎಳೆಯುವ ಸಾಲ್ಬ್ಯುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂನ 200 ಪಫ್. ತಿಂಗಳಲ್ಲೇ ಖಾಲಿಯಾದರೆ ದಿನಕ್ಕೆ ಆರೇಳು ಎಳೆದಂತೆ. ಅಂಥವರ ಕೈಗೆ ಇನ್ನೊಂದು ಕೊಟ್ಟು ಕಳಿಸುವುದಲ್ಲ, ವೈದ್ಯರು ಮತ್ತೆ ನೋಡಬೇಕು. ವರ್ಷಕ್ಕೆ ಮೂರು ಮುಗಿಸುವುದೇ ಅಪಾಯದ ಗುರುತು. ಅಸ್ತಮಾ ಇಲ್ಲದವರಿಗೆ ಬರೀ ಭಯಕ್ಕೆ ಬರೆದುಕೊಟ್ಟರೆ ಇರುವವರಿಗೆ ಅಂಗಡಿಯಲ್ಲಿ ಸಿಗದು.

ಔಷಧಿಯನ್ನು ಮಂಜಾಗಿಸುವ ನೆಬ್ಯುಲೈಸರ್ ಯಂತ್ರ ಸೋಂಕನ್ನು ಕೋಣೆಗೆಲ್ಲ ಹರಡೀತು, ಆದಷ್ಟೂ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬಳಸಿ. ಪಂಪ್ ಕುಲುಕಿ, ಸಲಕ್ಕೊಂದೇ ಪಫ್. ಒಬ್ಬರ ಸ್ಪೇಸರ್ ಇನ್ನೊಬ್ಬರಿಗಿಲ್ಲ. ಸೋಪುನೀರಲ್ಲಿ ತೊಳೆದು ಹಾಗೇ ಆರಲು ಬಿಡಬೇಕು. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಥಿರವಿದ್ಯುತ್ ಏರಿ ಔಷಧಿ ಒಳಗೋಡೆಗೇ ಅಂಟುತ್ತದೆ.

—

ವೈದ್ಯಕೀಯ ಪಾಠ ಯಾರೂ ಕೇಳಿರಲಿಲ್ಲ. ‘ಪಂಪ್’ ಎಂದರೆ ಬೋರ್‌ವೆಲ್ಲಿನದು. ‘ಉಸಿರುಸೀಸೆ’ ಎನ್ನಿ, ಅಚ್ಚಗನ್ನಡ.

—

‘ಸೀಸೆ’ ಪಾರಸಿ. ‘ಶೀಶಾ’.

—

ಬಂದು ಎಷ್ಟೋ ಕಾಲವಾಯಿತು. ಈಗ ನಮ್ಮದೇ.

—

ಹಾಗಾದರೆ ಪಂಪಿಗೇನು ಬೇರೆ ಕಾನೂನೇ? ಬೆಂಗಳೂರಿನ ಯಾವ ಮೆಡಿಕಲ್ ಶಾಪಿಗಾದರೂ ಹೋಗಿ ‘ಉಸಿರುಸೀಸೆ ಕೊಡಿ’ ಎಂದು ಕೇಳಿ, ಏನು ಕೊಟ್ಟರು ಅಂತ ಇಲ್ಲಿ ಬರೆಯಿರಿ.