ಸಹಾಯ ಬೇಕು: ಬೋಟಿನಲ್ಲಿ ಕೂತು ಓದಲು ಕನ್ನಡ ಪುಸ್ತಕ (ಮಂಜೇಶ್ವರ)

ನಮಸ್ಕಾರ. ನಮ್ಮ ಬೋಟ್ ಮಂಜೇಶ್ವರ ಹಾರ್ಬರಿನಲ್ಲಿ ನಿಂತಿದೆ. ಕೋಝಿಕ್ಕೋಡ್ ಹತ್ತಿರದ ಬೇಪೂರಿಗೆ ಹೋಗಬೇಕು. ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಜುಲೈ 31ಕ್ಕೇ ಮುಗಿಯಿತು, ಆದರೆ ಗಾಳಿ ಬಿಡುತ್ತಿಲ್ಲ. ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ದಿನವೂ ಬರುತ್ತಿದೆ.

ಬಲೆ ರಿಪೇರಿ ಮುಗಿಯಿತು, ಇಸ್ಪೀಟೂ ಸಾಕಾಯಿತು. ಬೇಕಲ ಕೋಟೆ ನೋಡಿ ಬನ್ನಿ ಅಂತಾರೆ. ಆದರೆ ಉಬ್ಬರ ಇಳಿತಕ್ಕೆ ತಕ್ಕಂತೆ ಹಗ್ಗ ಸಡಿಲಿಸಿ ಬಿಗಿಯಲು ಜನ ಬೋಟಿನಲ್ಲೇ ಇರಬೇಕು, ಅಲ್ವಾ? ಗೋವಿಂದ ಪೈಗಳ ಸ್ಮಾರಕ ಹತ್ತಿರ, ಅದನ್ನು ಸರದಿಯಲ್ಲಿ ನೋಡಿ ಬಂದೆವು.

ಹೊಸಂಗಡಿ, ಉಪ್ಪಳ ಕಡೆಯವರ ಬಳಿ ಹಳೆ ಕನ್ನಡ ವಾರಪತ್ರಿಕೆ, ಪತ್ತೇದಾರಿ ಕಾದಂಬರಿ ಇದ್ದರೆ ಕೊಡುತ್ತೀರಾ? ಕೇರಂ ಬೋರ್ಡ್ ಬೇಡ, ಬೋಟ್ ಅಲ್ಲಾಡಿದರೆ ಕಾಯಿ ನಿಲ್ಲುವುದಿಲ್ಲ. ಗುಳಿಯಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯಾದರೆ ಖುಷಿ! ನಾವೇ ಬಂದು ಒಯ್ಯುತ್ತೇವೆ. ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಹೊರಡುವ ಮೊದಲು ವಾಪಸ್ ಕೊಡುತ್ತೇವೆ.